ತಮ್ಮನಿಗೆ ಶಿಕ್ಷೆಯಾಗಿದೆ, ಹೈಕೋರ್ಟಿಗೆ ಹೋದವರು ಹೇಳಿ

ಕೇಳಿದವರು: ತಮ್ಮನಿಗೆ ಹೋದ ವಾರ ಸೆಷನ್ಸ್‌ನಲ್ಲಿ ಶಿಕ್ಷೆಯಾಯಿತು. ನಾಡಪಿಸ್ತೂಲಿನಿಂದ ಗುಂಡು ಹಾರಿಸಿದ್ದಕ್ಕೆ ಹಳೆ ಐಪಿಸಿಯ 307 (ಕೊಲೆ ಯತ್ನ), ಆರ್ಮ್ಸ್ ಆ್ಯಕ್ಟ್. ಬ್ಯಾಗಲ್ಲಿ ಸಿಕ್ಕ 22 ಕೆಜಿ ಗಾಂಜಾಕ್ಕೆ ಎನ್‌ಡಿಪಿಎಸ್, ಅಂದರೆ ಮಾದಕವಸ್ತು ಕಾಯ್ದೆ. 10 ವರ್ಷ, 1 ಲಕ್ಷ ದಂಡ. ಅಪೀಲು ಹಾಕಿದವರು ದಾರಿ ಹೇಳಿ.

ದೊಡ್ಡಣ್ಣ: ನಾವು ಹೋದೆವು, ಸೈಟು ಹೋಯಿತು. ಅಪೀಲಿಗೆ 1 ಲಕ್ಷ, ಶಿಕ್ಷೆ ಅಮಾನತಿನ ಅರ್ಜಿಗೆ (ಅಪೀಲು ಮುಗಿಯುವವರೆಗೆ ಜಾಮೀನಿನ ಮೇಲೆ ಬಿಡಿ ಅಂತ) ಬೇರೆ 60 ಸಾವಿರ, ಸಾಕ್ಷಿ ಹೇಳಿಕೆ ಟೈಪಿಂಗಿಗೆ 14 ಸಾವಿರ. ಇಷ್ಟು ಕೊಟ್ಟರೂ ವಕೀಲರು 60 ದಿನದ ಗಡುವು ಮೀರಿಸಿದರು! ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ, ಅದಕ್ಕೂ ದುಡ್ಡು. ಮಾಲು ವಾಣಿಜ್ಯ ಪ್ರಮಾಣದ್ದು ಅಂತ ಎನ್‌ಡಿಪಿಎಸ್‌ನಲ್ಲಿ ಜಾಮೀನು ಬಿಗಿ ಮಾಡುವ ಕಲಂ 37 ಅಡ್ಡ ಬಂತು, ಅಮಾನತು ಸಿಗಲಿಲ್ಲ. 4 ವರ್ಷವಾಯಿತು, ಅಂತಿಮ ವಾದ ಇನ್ನೂ ಆಗಿಲ್ಲ. ಕಾದು ಕಾದು ಅಮ್ಮ ಹೋಗಿಬಿಟ್ಟಳು.

ಶಿವಮೊಗ್ಗದಾಕೆ: ನಾನು ಒಂದು ರೂಪಾಯಿ ಕೊಡಲಿಲ್ಲ. ನನ್ನ ಗಂಡ ಜೈಲಿನಿಂದಲೇ ಸೂಪರಿಂಟೆಂಡೆಂಟ್ ಮೂಲಕ ಅಪೀಲು ಕಳಿಸಿದ್ದು. ಕಾನೂನು ಸೇವಾ ಸಮಿತಿ ವಕೀಲರನ್ನು ಕೊಟ್ಟಿತು. ಚಿಕ್ಕ ಹುಡುಗಿ, ಪಂಚನಾಮೆಯನ್ನು ಸಾಲುಸಾಲು ಓದಿದಳು. ಗಾಂಜಾದ ಸ್ಯಾಂಪಲ್ ಸ್ಥಳದಲ್ಲೇ ತೆಗೆದಿದ್ದರು, ಎನ್‌ಡಿಪಿಎಸ್ ಕಲಂ 52ಎ ಹೇಳುವಂತೆ ಮ್ಯಾಜಿಸ್ಟ್ರೇಟರ ಎದುರಲ್ಲ. ಅದನ್ನೇ ಹೇಳುವ ಸುಪ್ರೀಂ ಕೋರ್ಟಿನ 2016ರ ಮೋಹನ್‌ಲಾಲ್ ತೀರ್ಪು ಮುಂದಿಟ್ಟಳು, ಗಾಂಜಾ ಕೇಸು ಬಿತ್ತು. 307 ನಿಂತಿತು, ಗಾಯಾಳುವಿನ ಸಾಕ್ಷಿ ಅಲುಗಲಿಲ್ಲ.

ದೊಡ್ಡಣ್ಣ: ನಿಮ್ಮ ಅದೃಷ್ಟ ನಿಮಗಿರಲಿ. ಬಿಟ್ಟಿ ವಕೀಲರನ್ನು ನಂಬಿಸಿ ಇವರನ್ನು ಹಾಳುಬಾವಿಗೆ ತಳ್ಳಬೇಡಿ.

ಶಿವಮೊಗ್ಗದಾಕೆ: ಗಡುವು ಮೀರಿಸಿದ್ದು ನಿಮ್ಮ ದುಡ್ಡಿನ ವಕೀಲರು, ನನ್ನವಳಲ್ಲ.

ಒಳಗಿದ್ದು ಬಂದವ: ಇಬ್ಬರೂ ನಿಲ್ಲಿಸಿ. ನನ್ನ ವಕೀಲರು ಎನ್‌ಡಿಪಿಎಸ್ ಕಲಂ 50 ಹಿಡಿದೇ ಕೂತರು. ಮಾಲು ಸಿಕ್ಕಿದ್ದು ಚೀಲದಲ್ಲಿ, ಕಲಂ 50 ಇರುವುದು ಮೈ ತಪಾಸಣೆಗೆ. ಆ ವಾದ ನಿಲ್ಲಲಿಲ್ಲ. ಕೈ ಹಿಡಿದದ್ದು ಪಿಸ್ತೂಲಿನ ಕಡತ. ಲೈಸೆನ್ಸಿಲ್ಲದೆ ಇಟ್ಟುಕೊಂಡ ಆರೋಪಕ್ಕೆ ಆರ್ಮ್ಸ್ ಆ್ಯಕ್ಟ್ 39ರಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು, ಅದು ಇರಲೇ ಇಲ್ಲ. ಆ ಶಿಕ್ಷೆ ಹೋಯಿತು. ಅಷ್ಟರಲ್ಲಿ 6 ವರ್ಷ ಒಳಗೆ ಕಳೆದಿದ್ದೆ. ಮಗಳು ಗುರುತು ಹಿಡಿಯಲಿಲ್ಲ.

ಗಾಯಾಳುವಿನ ತಂಗಿ: ಕಲಂ ಕಲಂ ಅಂತೀರಲ್ಲ, ಗುಂಡು ಯಾರಿಗೆ ತಗುಲಿತು ಅಂತ ಒಬ್ಬರಾದರೂ ಕೇಳಿದಿರಾ? ನಮ್ಮಣ್ಣನ ತೊಡೆಗೆ 3 ಆಪರೇಷನ್. ನಮ್ಮ ಕೇಸಲ್ಲಿ 307 ಬಿಟ್ಟು ಸಣ್ಣ ಕಲಂ ಹಾಕಿದ್ದಕ್ಕೆ ನಾವೂ ಅಪೀಲು ಹಾಕಿದ್ದೇವೆ. ಆ ಹಕ್ಕು 2009ರ ಕೊನೆಯಿಂದ ನೊಂದವರಿಗೂ ಇದೆ.

ಶಿವಮೊಗ್ಗದಾಕೆ: ನನ್ನ ಗಂಡನ ಗುಂಡು ತಾಗಿದವರ ಮನೆಗೆ ನಾನು ಹೋಗಿದ್ದೆ ತಂಗಿ. ಬಾಗಿಲು ತೆಗೆಯಲಿಲ್ಲ.

ಗಾಯಾಳುವಿನ ತಂಗಿ: ಯಾಕೆ ತೆಗೆಯಬೇಕು?

ಕೇಳಿದವರು: ತೀರ್ಪಿನ ನಕಲು ತಮ್ಮನ ಕೈಯಲ್ಲಿದೆಯಂತೆ, ನಾಳೆ ಭೇಟಿಗೆ ಹೋಗುತ್ತಿದ್ದೇನೆ. ಸ್ಯಾಂಪಲ್ ಎಲ್ಲಿ ತೆಗೆದರು ಅನ್ನುವುದು ಯಾರ ಸಾಕ್ಷಿಯಲ್ಲಿ ಸಿಗುತ್ತದೆ, ಅಷ್ಟು ಹೇಳಿ.