ಶಿರಸಿ ತೋಟದ ಮಳೆಮಾಪಕ: 18650 ಸೆಲ್‌ಗೆ ಯಾವ ಚಾರ್ಜರ್, ಯಾವ ರೆಗ್ಯುಲೇಟರ್?

ತೋಟದಂಚು, ಶಿರಸಿ

ಅಡಿಕೆ ತೋಟದಲ್ಲಿ ಮಳೆ, ತೇವಾಂಶ ಅಳೆಯುವ ಪೆಟ್ಟಿಗೆ ಇದೆ. ಕೊಳೆಗೆ ಬೋರ್ಡೋ ಹೊಡೆಯುವ ಹೊತ್ತು ನಿರ್ಧರಿಸಲು ಇದರ ಲೆಕ್ಕ ಬೇಕು. ಒಳಗೆ ಇಎಸ್‌ಪಿ32 (ವೈಫೈ ಇರುವ ಮೈಕ್ರೋಕಂಟ್ರೋಲರ್) ಡೆವ್ ಬೋರ್ಡ್, 2600 ಎಂಎಎಚ್‌ನ ಒಂದು 18650 ಲಿಥಿಯಂ ಅಯಾನ್ ಸೆಲ್, ಅದನ್ನು ಚಾರ್ಜ್ ಮಾಡಲು ಟಿಪಿ4056 ಮಾಡ್ಯೂಲ್. ಮೇಲೆ 6 ವೋಲ್ಟ್, 1 ವ್ಯಾಟ್ ಪ್ಯಾನೆಲ್. ಸೆಲ್‌ನಿಂದ ಬೋರ್ಡಿನ ವಿನ್ ಪಿನ್‌ಗೆ ನೇರ ವೈರ್. 15 ನಿಮಿಷಕ್ಕೊಮ್ಮೆ ಎದ್ದು, ವೈಫೈನಲ್ಲಿ ಕಳಿಸಿ, ಸುಮಾರು 5 ಸೆಕೆಂಡಿಗೆ ಮತ್ತೆ ಡೀಪ್ ಸ್ಲೀಪ್‌ಗೆ ಹೋಗುತ್ತದೆ. ಬೇಸಗೆಯಲ್ಲಿ ತೊಂದರೆಯಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಎರಡು ವಾರದೊಳಗೆ ನಿಂತುಹೋಗುತ್ತದೆ. ಅದಕ್ಕೂ ಮೊದಲೇ, ಸೆಲ್ 3.7 ವೋಲ್ಟ್ ಇರುವಾಗಲೇ, ವೈಫೈ ಶುರುವಾದ ಕೂಡಲೇ ಬ್ರೌನ್‌ಔಟ್ (ವೋಲ್ಟೇಜ್ ಸಾಲದು) ಎಂದು ರೀಸೆಟ್ ಆಗುತ್ತದೆ. ಇನ್ನೊಂದು ಸೆಲ್ ಸೇರಿಸಬೇಕೋ, ದೊಡ್ಡ ಪ್ಯಾನೆಲ್ ಹಾಕಬೇಕೋ?

ಬೆಸುಗೆ, ಕುಮಟಾ

ಸದ್ಯಕ್ಕೆ ಎರಡೂ ಬೇಡ. ನಿಮ್ಮ ಬೋರ್ಡಿನ ಮೇಲೆ ವೋಲ್ಟೇಜನ್ನು ಚಿಪ್ಪಿಗೆ ಬೇಕಾದ 3.3ಕ್ಕೆ ಇಳಿಸಿಕೊಡುವುದು ಬಹುಶಃ ಎಎಂಎಸ್1117 ರೆಗ್ಯುಲೇಟರ್. ನಿಮ್ಮ ಎರಡೂ ತೊಂದರೆಗಳ ಮೂಲ ಅದೇ. ಅದಕ್ಕೆ 3.3 ಕೊಡಲು ಒಳಗೆ ಸುಮಾರು 4.4 ವೋಲ್ಟ್ ಬೇಕು. ಸೆಲ್ 3.7 ಇದ್ದಾಗ ಹೊರಗೆ ಬರುವುದು 2.6ರ ಆಸುಪಾಸು. ವೈಫೈ ಒಮ್ಮೆ 250 ಮಿಲಿಆಂಪ್‌ವರೆಗೆ ಎಳೆದರೆ ಅದೂ ಕುಸಿಯುತ್ತದೆ, ಚಿಪ್ ರೀಸೆಟ್ ಆಗುತ್ತದೆ.

ಇನ್ನು ಖರ್ಚಿನ ಲೆಕ್ಕ. ದಿನಕ್ಕೆ 96 ಸಲ, 5 ಸೆಕೆಂಡ್, ಸರಾಸರಿ 100 ಮಿಲಿಆಂಪ್ ಎಂದುಕೊಂಡರೆ 13.3 ಎಂಎಎಚ್. ಎಎಂಎಸ್1117 ತನಗಾಗಿಯೇ ನಿರಂತರ 5 ಮಿಲಿಆಂಪ್‌ನಷ್ಟು ತಿನ್ನುತ್ತದೆ, ಅಂದರೆ ದಿನಕ್ಕೆ 120. ಕೆಲಸಕ್ಕೆ ಆಗುವ ಖರ್ಚಿನ ಒಂಬತ್ತು ಪಟ್ಟು! ಸೆಲ್‌ನಲ್ಲಿ ಬಳಕೆಗೆ ಸಿಗುವುದು 2080 ಎಂಎಎಚ್ ಎಂದರೂ ಹದಿನೈದು ದಿನ. ನಿಮ್ಮ ಎರಡು ವಾರ ಅಲ್ಲಿಂದಲೇ ಬಂದದ್ದು.

ಅದರ ಬದಲು ಎಚ್‌ಟಿ7833 ರೆಗ್ಯುಲೇಟರ್ ಹಾಕಿ. 500 ಮಿಲಿಆಂಪ್ ಕೊಡುತ್ತದೆ, ತನಗೆ ಬೇಕಾದದ್ದು 4 ಮೈಕ್ರೋಆಂಪ್ ಅಷ್ಟೇ. ಅಂಗಡಿಯಲ್ಲಿ ಎಚ್‌ಟಿ7333 ಕೊಟ್ಟರೆ ತೆಗೆದುಕೊಳ್ಳಬೇಡಿ. ಅದೂ ಎಂಸಿಪಿ1700ವೂ 250 ಮಿಲಿಆಂಪ್‌ನವು, ವೈಫೈಗೆ ಸಾಲುವುದಿಲ್ಲ. ರೆಗ್ಯುಲೇಟರಿನ ಇನ್‌ಪುಟ್‌ಗೂ ಔಟ್‌ಪುಟ್‌ಗೂ 10 ಮೈಕ್ರೋಫ್ಯಾರಡ್ ಸಿರಾಮಿಕ್ ಕೆಪಾಸಿಟರ್, ಇಎಸ್‌ಪಿ32 ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಇರಲಿ.

ಹಾಗೆಂದು ಹೊಸ ರೆಗ್ಯುಲೇಟರನ್ನು ಡೆವ್ ಬೋರ್ಡಿನ 3.3 ಪಿನ್‌ಗೆ ಜೋಡಿಸಿ ಸುಮ್ಮನಾಗಬೇಡಿ. ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್ ಎರಡೂ ಉರಿಯುತ್ತಲೇ ಇರುತ್ತವೆ. ಬರಿಯ ವ್ರೂಮ್ ಮಾಡ್ಯೂಲ್ (ಡೆವ್ ಬೋರ್ಡಿನ ಮೇಲಿರುವ ಇಎಸ್‌ಪಿ32 ಭಾಗ ಮಾತ್ರ) ತಂದು ಅಡಾಪ್ಟರ್ ಪ್ಲೇಟಿಗೆ ಬೆಸೆಯುವುದೇ ಮೇಲು. ಚಿಪ್ ಆನ್ ಮಾಡುವ ಇಎನ್ ಪಿನ್‌ನಿಂದ 3.3ಕ್ಕೆ 10 ಕಿಲೋಓಮ್ ಪುಲ್‌ಅಪ್, ನೆಲಕ್ಕೆ (ಗ್ರೌಂಡ್‌ಗೆ) 1 ಮೈಕ್ರೋಫ್ಯಾರಡ್. ಆಗ ಮಲಗಿದ ಚಿಪ್ಪಿನ ಖರ್ಚು 10 ಮೈಕ್ರೋಆಂಪ್ ಸುಮಾರಿಗೆ ಇಳಿಯುತ್ತದೆ. ದಿನಕ್ಕೆ ಒಟ್ಟು 14 ಎಂಎಎಚ್. ಆರಿದ್ರೆಯಿಂದ ಹಸ್ತದವರೆಗೆ ಪ್ಯಾನೆಲ್ ಮೇಲೆ ಬಿಸಿಲೇ ಬೀಳದಿದ್ದರೂ ಒಂದೇ ಸೆಲ್ ತೂಗಿಸುತ್ತದೆ.

ಅಳತೆಗೋಲು, ಕಾರವಾರ

ರೆಗ್ಯುಲೇಟರ್ ವಿಷಯ ಪೂರ್ತಿ ಸರಿ. ಚಾರ್ಜಿಂಗ್ ಕಡೆಗೂ ನೋಡಿ. ಟಿಪಿ4056 ಮಾಡ್ಯೂಲ್‌ನಲ್ಲಿ ಚಾರ್ಜ್ ಕರೆಂಟ್ ನಿರ್ಧರಿಸುವ ಪ್ರೋಗ್ ಪಿನ್‌ಗೆ 1.2 ಕಿಲೋಓಮ್ ಹಾಕಿರುತ್ತಾರೆ, ಅಂದರೆ 1 ಆಂಪ್. 1 ವ್ಯಾಟ್ ಪ್ಯಾನೆಲ್ ಉರಿಬಿಸಿಲಲ್ಲೂ 160 ಮಿಲಿಆಂಪ್ ಸುಮಾರು ಕೊಟ್ಟೀತು. ಇಲ್ಲದ್ದನ್ನು ಚಿಪ್ ಕೇಳುತ್ತದೆ, ಪ್ಯಾನೆಲ್ ವೋಲ್ಟೇಜ್ ಕುಸಿಯುತ್ತದೆ, ಚಾರ್ಜಿಂಗ್ ಹತ್ತುವುದು ಆರುವುದು ನಡೆಯುತ್ತಲೇ ಇರುತ್ತದೆ. ಆ ರೆಸಿಸ್ಟರ್ ತೆಗೆದು 10 ಕಿಲೋಓಮ್ ಹಾಕಿದರೆ 130 ಮಿಲಿಆಂಪ್‌ಗೆ ನಿಲ್ಲುತ್ತದೆ. ಹೊಸದಾಗಿ ಕೊಳ್ಳುವುದಾದರೆ ಸಿಎನ್3065 ಚಾರ್ಜರ್ ಕೊಳ್ಳಿ. ಒಳಬರುವ ವೋಲ್ಟೇಜ್ ತಗ್ಗಿದಂತೆ ಅದು ತಾನೇ ಕರೆಂಟ್ ಇಳಿಸಿಕೊಳ್ಳುತ್ತದೆ. ಸಿಎನ್3791 ಇನ್ನೂ ಒಳ್ಳೆಯದು, ಆದರೆ 3 ವ್ಯಾಟ್‌ಗಿಂತ ಸಣ್ಣ ಪ್ಯಾನೆಲ್‌ಗೆ ಅದರ ಲಾಭ ಕಡಿಮೆ.

ಲೋಡನ್ನು ಟಿಪಿ4056 ಮಾಡ್ಯೂಲಿನ ಔಟ್ ತುದಿಗಳಿಂದ ತೆಗೆಯಿರಿ. ಸೆಲ್‌ನ ತುದಿಯಿಂದಲೇ ತೆಗೆದರೆ ಸೆಲ್ ತೀರಾ ಖಾಲಿಯಾಗದಂತೆ ಕಡಿಯುವ ಡಿಡಬ್ಲ್ಯು01 ಚಿಪ್ಪಿನ ರಕ್ಷಣೆ ಸಿಗುವುದಿಲ್ಲ. ಆ ರಕ್ಷಣೆಯೂ ಕಡಿಯುವುದು ಸುಮಾರು 2.4 ವೋಲ್ಟ್‌ಗೆ, ಸೆಲ್‌ನ ಆಯುಷ್ಯಕ್ಕೆ ಅದು ತೀರಾ ಕೆಳಗೆ. ಅದನ್ನು ಕೊನೆಯ ಬೇಲಿ ಎಂದಷ್ಟೇ ತಿಳಿಯಿರಿ. ಪ್ರೋಗ್ರಾಂನಲ್ಲಿ 3.4ಕ್ಕೆ ಗಂಟೆಗೊಮ್ಮೆ ಮಾತ್ರ ಏಳುವಂತೆ, 3.2ಕ್ಕೆ ವೈಫೈ ಪೂರ್ತಿ ಬಿಡುವಂತೆ ಬರೆಯಿರಿ. ಸೆಲ್ ವೋಲ್ಟೇಜ್ ಅಳೆಯಲು 1 ಮೆಗಾಓಮ್‌ನ ಎರಡು ರೆಸಿಸ್ಟರ್ ಸಾಲಾಗಿ, ನಡುವಿನಿಂದ ನೆಲಕ್ಕೆ 100 ನ್ಯಾನೋಫ್ಯಾರಡ್. ಓದುವ ಪಿನ್ 32ರಿಂದ 39ರೊಳಗೇ ಇರಲಿ. ವೋಲ್ಟೇಜ್ ಓದುವ ಇನ್ನೊಂದು ಗುಂಪಾದ ಎಡಿಸಿ2 ಪಿನ್‌ಗಳು ವೈಫೈ ನಡೆಯುವಾಗ ಓದುವುದಿಲ್ಲ.

ಚಾರ್ಜ್ ಆಗುವಾಗ ಲೋಡ್ ಬೇರ್ಪಡಿಸುವ ಮಾಸ್‌ಫೆಟ್ ಸರ್ಕಿಟ್ ನಿಮಗೆ ಅಗತ್ಯವಿಲ್ಲ. ಸರಾಸರಿ ಅರ್ಧ ಮಿಲಿಆಂಪ್ ಲೋಡಿನಿಂದ ಚಾರ್ಜರ್‌ನ ಕೊನೆಯ ಕಟ್‌ಆಫ್ ಕೆಡುವುದಿಲ್ಲ.

ತೋಟದಂಚು, ಶಿರಸಿ

ತುಂಬಾ ಉಪಕಾರ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿದರೆ ರೆಗ್ಯುಲೇಟರೇ ಬೇಡ ಎನ್ನುತ್ತಾರೆ, ಅದು ಹೇಗೆ? ಇಂಥದ್ದೇ ಒಂದು ಪೆಟ್ಟಿಗೆಯನ್ನು ಅಂಕೋಲೆಯ ನೆಂಟರ ಮನೆ ತಾರಸಿಯಲ್ಲೂ ಇಡುವುದಿದೆ.

ಉಪ್ಪುಗಾಳಿ, ಅಂಕೋಲಾ

ಆ ಸೆಲ್ 3.2 ವೋಲ್ಟ್‌ನದ್ದು, ಹೆಚ್ಚುಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ. ಹಾಗಾಗಿ ಇಎಸ್‌ಪಿ32ಗೆ ನೇರ ಹೊಂದುತ್ತದೆ. ಆದರೆ ಚಾರ್ಜಿನ ತುದಿಗೆ 3.6, ಅದೇ ಚಿಪ್ಪಿನ ಮೇಲ್ಮಿತಿ. ಟಿಪಿ4056 ಅದಕ್ಕೆ ಯಾವ ಕಾರಣಕ್ಕೂ ಹಚ್ಚಬಾರದು, 4.2ಕ್ಕೆ ಏರಿಸಿಬಿಡುತ್ತದೆ. 3.6ಕ್ಕೆ ಹೊಂದಿಸಿದ ಟಿಪಿ5000 ಅಥವಾ ಸಿಎನ್3058 ಚಾರ್ಜರ್ ಬೇಕು. 18650 ಅಳತೆಯಲ್ಲಿ ಸಿಗುವುದು 1500 ಎಂಎಎಚ್‌ನಷ್ಟು. ವೋಲ್ಟೇಜ್ ಬಹುಪಾಲು ಚಪ್ಪಟೆ ಇರುವುದರಿಂದ, ಮೇಲೆ ಹೇಳಿದ 3.4ರ ಪರೀಕ್ಷೆಯೂ ನಡೆಯದು. ಶಿರಸಿಯ ನೆರಳಿಗೆ ನಿಮ್ಮ ಈಗಿನ ಸೆಲ್ಲೇ ಇರಲಿ. ಬಿಸಿಲ ತಾರಸಿಗೆ ಮಾತ್ರ ಫಾಸ್ಫೇಟ್ ಒಳ್ಳೆಯ ಆಯ್ಕೆ, ಸೆಕೆಗೆ ಹೆಚ್ಚು ಬಾಳುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡಬಾರದು, ಮುಚ್ಚಿದ ಪೆಟ್ಟಿಗೆ ಬಿಸಿಲಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ. ಪೆಟ್ಟಿಗೆಯನ್ನು ಪ್ಯಾನೆಲ್‌ನ ನೆರಳಿಗೆ, ನಡುವೆ ಗಾಳಿಯಾಡುವಂತೆ ಕಟ್ಟಿ.

ಕರಾವಳಿಯಲ್ಲಿ ಮೊದಲು ಕೈಕೊಡುವುದು ಸ್ಪ್ರಿಂಗ್ ಇರುವ ಸೆಲ್ ಹೋಲ್ಡರ್. ತುಕ್ಕಿನಿಂದ 0.5 ಓಮ್ ಸೇರಿದರೂ 300 ಮಿಲಿಆಂಪ್‌ಗೆ 0.15 ವೋಲ್ಟ್ ಹೋಯಿತು, ಮತ್ತೆ ಬ್ರೌನ್‌ಔಟ್. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಆಗಿರುವ ಸೆಲ್ ತನ್ನಿ. ಸೆಲ್ಲಿನ ಮೇಲೆ ನೇರ ಬೆಸುಗೆ ಬೇಡ, ಕಾವಿಗೆ ಒಳಗಿನ ಪೊರೆ ಹಾಳಾಗುತ್ತದೆ. ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹೊಡೆಯುವಾಗ ತೇವಾಂಶ ಸೆನ್ಸರನ್ನು ಟೇಪಿನಿಂದ ಮುಚ್ಚಿಕೊಳ್ಳಿ. ವೈರ್ ಗ್ಲ್ಯಾಂಡ್ ಕೆಳಮುಖವಾಗಿರಲಿ, ವೈರ್ ಒಳಹೋಗುವ ಮೊದಲು ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸಂದಿಗೆ ಹಚ್ಚುವ ಸಿಲಿಕೋನ್ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದೇ ಇರಬೇಕು. ವಿನೆಗರ್ ವಾಸನೆಯದ್ದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಬೆಸುಗೆ, ಕುಮಟಾ

ಸೆಲ್ ಕೊಳ್ಳುವಾಗ 18650 ಮೇಲೆ 9900 ಎಂದೆಲ್ಲ ಬರೆದಿದ್ದರೆ ಮುಟ್ಟಬೇಡಿ, ಆ ಅಳತೆಯಲ್ಲಿ ಅಷ್ಟು ಹಿಡಿಯುವುದೇ ಇಲ್ಲ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಟಿಪಿ4056ಗೆ ಸೆಲ್ ಜೋಡಿಸುವ ಮುನ್ನ ಮೀಟರ್‌ನಿಂದ ಪ್ಲಸ್ ಮೈನಸ್ ನೋಡಿಕೊಳ್ಳಿ, ತಿರುವುಮುರುವಾದರೆ ಚಿಪ್ ಅದೇ ಕ್ಷಣಕ್ಕೆ ಸುಡುತ್ತದೆ.