ಪುರಸಭೆ ಎಲೆಕ್ಷನ್‌ಗೆ ಪಕ್ಷೇತರಳಾಗಿ ನಿಲ್ಲಬೇಕು ಅಂತಿದ್ದೇನೆ, ಗೊತ್ತಿದ್ದವರು ಹೇಳಿ

ಕೆರೆಬೀದಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸಣ್ಣ ಪಟ್ಟಣದವಳು. ನಮ್ಮದು 23 ವಾರ್ಡ್‌ಗಳ ಪುರಸಭೆ. ಹಿಂದಿನ ಕೌನ್ಸಿಲ್ ಅವಧಿ ಮುಗಿದು ಈಗ ಆಡಳಿತಾಧಿಕಾರಿ ಇದ್ದಾರೆ. ಎಲೆಕ್ಷನ್ ಯಾವಾಗ ಬರುತ್ತೋ ಅಂತ ಊರೆಲ್ಲ ಕಾಯುತ್ತಿದೆ.

ನನಗೆ ಟೈಲರಿಂಗ್ ಅಂಗಡಿ ಇದೆ, ಸ್ತ್ರೀಶಕ್ತಿ ಸಂಘದಲ್ಲೂ ಇದ್ದೇನೆ. ನಮ್ಮ ಬೀದಿಗೆ ನಲ್ಲಿ ನೀರು ಬಿಡುವುದು ವಾರಕ್ಕೊಮ್ಮೆ, ಅದೂ ಒಮ್ಮೊಮ್ಮೆ ರಾತ್ರಿ ಎರಡು ಗಂಟೆಗೆ. ಯುಜಿಡಿ (ಒಳಚರಂಡಿ) ಪೈಪ್ ಹಾಕಲು ಅಗೆದ ರಸ್ತೆಯನ್ನು ಸರಿಯಾಗಿ ಮುಚ್ಚಿಲ್ಲ. ಅರ್ಜಿ ಬರೆದು ಹೆಂಗಸರನ್ನೆಲ್ಲ ಕರೆದುಕೊಂಡು ಆಫೀಸಿಗೆ ಹೋಗಿದ್ದು ನಾನೇ. ಆಮೇಲೆ ಜನ "ನೀವೇ ನಿಲ್ಲಿ ಅಕ್ಕ" ಅನ್ನುತ್ತಿದ್ದಾರೆ, ನನಗೂ ಮನಸ್ಸಿದೆ.

ಸಮಸ್ಯೆ ಏನಂದರೆ ಎರಡು ಪಕ್ಷದವರೂ ಬಂದು ಮಾತಾಡಿದ್ದಾರೆ. ವಾರ್ಡ್ ಮಹಿಳಾ ಮೀಸಲು ಆದರೆ ಬಿ ಫಾರಂ (ಪಕ್ಷದ ಟಿಕೆಟ್ ಪತ್ರ) ಕೊಡಿಸುತ್ತೇವೆ, ಖರ್ಚು ನಮ್ಮದು ಅನ್ನುತ್ತಾರೆ. ಮನೆಯವರು ಬೇಡ ಅಂದಿಲ್ಲ. ಆದರೆ ಮೈದುನ "ಹೆಸರು ನಿಮ್ಮದಿರಲಿ ಅತ್ತಿಗೆ, ಮೀಟಿಂಗು ಓಡಾಟ ಎಲ್ಲ ನಾನು ನೋಡಿಕೊಳ್ಳುತ್ತೇನೆ" ಅಂತಿದ್ದಾನೆ. ನನಗೆ ಅದು ಇಷ್ಟವಿಲ್ಲ. ಪಕ್ಷೇತರಳಾಗಿ ನಿಂತರೆ ಗೆಲ್ಲೋಕೆ ಆಗುತ್ತಾ? ಗೆದ್ದರೂ ಒಬ್ಬ ಮೆಂಬರ್ ಕೈಯಲ್ಲಿ ನಿಜವಾಗಿ ಏನಾಗುತ್ತೆ? ಕಾಗದಪತ್ರ ಏನೇನು ಬೇಕು? ಖರ್ಚು ಎಷ್ಟಾಗುತ್ತೆ? ನೇರವಾಗಿ ಹೇಳಿ.

ಹಳೇ ಮೆಂಬರ್

ಅಕ್ಕಾ, ನಿಲ್ಲಿ. ನಾನು 2018ರಲ್ಲಿ ಹಾವೇರಿ ಕಡೆಯ ಒಂದು ಪುರಸಭೆಗೆ ಪಕ್ಷೇತರನಾಗಿ ಗೆದ್ದವನು. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಗೆಲ್ಲುವ ವಿಷಯ. ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರದವರೆಗಿನ ಜನಸಂಖ್ಯೆಯ ಊರು. ಅದನ್ನು 23 ವಾರ್ಡ್ ಮಾಡಿದರೆ ಒಂದೊಂದರಲ್ಲಿ ಸುಮಾರು ಸಾವಿರದ ಆಸುಪಾಸು ಮತ ಇರುತ್ತವೆ. ನಾಲ್ಕು ಜನ ನಿಂತರೆ ಮುನ್ನೂರು, ನಾನೂರು ಮತಕ್ಕೇ ಗೆಲುವು ಬಂದುಬಿಡಬಹುದು. ಎಂಎಲ್‌ಎ ಎಲೆಕ್ಷನ್ ತರಹ ಅಲೆ ಗಿಲೆ ಇಲ್ಲಿ ಅಷ್ಟು ನಡೆಯುವುದಿಲ್ಲ, ಯಾರ ಮನೆ ಕಷ್ಟಕ್ಕೆ ಯಾರು ಹೋದರು ಅನ್ನುವುದು ನಡೆಯುತ್ತೆ. ಟೈಲರಿಂಗ್ ಅಂಗಡಿ, ಸಂಘ, ನೀರಿನ ಹೋರಾಟ ಅಂದರೆ ನಿಮಗೆ ಅರ್ಧ ವಾರ್ಡ್ ಆಗಲೇ ಪರಿಚಯ ಅಲ್ವಾ? ಅದು ದುಡ್ಡು ಕೊಟ್ಟರೂ ಸಿಗುವಂಥದ್ದಲ್ಲ.

ಈಗಲೇ ಮಾಡಬೇಕಾದ ಕೆಲಸ ಮತದಾರರ ಪಟ್ಟಿ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ಒಡೆದು ಇದಕ್ಕೆ ಬಳಸುತ್ತಾರೆ. ಒಡೆಯುವಾಗ ಒಂದು ಬೀದಿಯ ಎಡಗಡೆ ಮನೆಗಳು ಪಕ್ಕದ ವಾರ್ಡಿಗೆ ಹೋಗಿಬಿಡುತ್ತವೆ, ಗಂಡ ಒಂದು ವಾರ್ಡು ಹೆಂಡತಿ ಒಂದು ವಾರ್ಡು ಆಗುತ್ತಾರೆ, ತೀರಿಹೋದವರ ಹೆಸರು ಹಾಗೇ ಇರುತ್ತೆ. ಕರಡು ಪಟ್ಟಿ ಹೊರಬಿದ್ದಾಗ ಆಕ್ಷೇಪಣೆಗೆ ಕೊಡುವ ಸಮಯ ತುಂಬಾ ಕಡಿಮೆ. ಆ ದಿನಗಳಲ್ಲಿ ಪಟ್ಟಿ ಹಿಡಿದು ಮನೆ ಮನೆ ತಿರುಗಿ. ಪ್ರಚಾರ ಅಂತ ಹೋದರೆ ಜನ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ, ಪಟ್ಟಿಯಲ್ಲಿ ನಿಮ್ಮ ಹೆಸರು ಸರಿ ಇದೆಯಾ ನೋಡೋಣ ಅಂತ ಹೋದರೆ ಒಳಗೆ ಕರೆದು ಕೂರಿಸುತ್ತಾರೆ. ಸಾವಿರ ಮತದ ವಾರ್ಡಲ್ಲಿ ಹತ್ತು ಹದಿನೈದು ಮತಕ್ಕೆ ಫಲಿತಾಂಶ ತಿರುಗುತ್ತೆ, ಮರೆಯಬೇಡಿ.

ಖರ್ಚು: 2018ರಲ್ಲಿ ಪುರಸಭೆ ಅಭ್ಯರ್ಥಿಗೆ ಆಯೋಗ ಹಾಕಿದ್ದ ಮಿತಿ 1.5 ಲಕ್ಷ ರೂಪಾಯಿ. ಈ ಸಲದ್ದು ಅಧಿಸೂಚನೆ ಬಂದಾಗ ನೋಡಿಕೊಳ್ಳಿ. ಹಂಚುವ ದುಡ್ಡು, ಸೀರೆ, ಕುಕ್ಕರ್ ಇಲ್ಲ ಅಂದರೆ ಆ ಮಿತಿಯ ಅರ್ಧದಲ್ಲೂ ಒಂದು ವಾರ್ಡಿನ ಪ್ರಚಾರ ಮುಗಿಸಬಹುದು. ಕರಪತ್ರ, ಒಂದು ಆಟೋ ಮೈಕು, ಹುಡುಗರಿಗೆ ಟೀ, ಊಟ, ಬೂತ್ ಏಜೆಂಟರ ಖರ್ಚು. ಅಷ್ಟೇ. ಎದುರಿನವರು ಹಂಚುತ್ತಾರೆ, ಅದು ನಿಜ. ನೋಡಿ ನಿಮಗೆ ಕೈಕಾಲು ಆಡುವುದಿಲ್ಲ. ಆದರೂ ನೀವು ಶುರು ಮಾಡಬೇಡಿ, ಯಾಕಂದರೆ ಹಾಗೆ ಖರ್ಚು ಮಾಡಿ ಗೆದ್ದವರು ಮೊದಲ ವರ್ಷವೆಲ್ಲ ಅದನ್ನು ವಾಪಸ್ ತೆಗೆಯುವುದು ಹೇಗೆ ಅಂತಲೇ ಯೋಚಿಸುತ್ತಾರೆ, ಗುತ್ತಿಗೆದಾರರ ಹಿಂದೆ ಓಡಾಡುತ್ತಾರೆ. "ಖರ್ಚು ನಮ್ಮದು" ಅಂದವರೂ ಆ ಲೆಕ್ಕ ಬರೆದಿಟ್ಟುಕೊಂಡೇ ಇರುತ್ತಾರೆ.

ಇನ್ನು ಗೆದ್ದ ಮೇಲಿನ ಕಥೆ. 2018ರ ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಹಾರ ಹಾಕಿಸಿಕೊಂಡು ಮನೆಗೆ ಬಂದೆವು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗಿ ನಮಗೆ ಅಧಿಕಾರ ಸಿಕ್ಕಿದ್ದು 2020ರ ಕೊನೆಗೆ. ಎರಡು ವರ್ಷ ಸರ್ಟಿಫಿಕೇಟ್ ಇಟ್ಟುಕೊಂಡು ಸುಮ್ನೆ ಕೂತಿದ್ದೆವು, ಜನ ಮಾತ್ರ ದಿನಾ ಬೆಳಿಗ್ಗೆ ಬಂದು ಲೈಟ್ ಉರಿಯುತ್ತಿಲ್ಲ, ಚರಂಡಿ ತುಂಬಿದೆ ಅಂತ ಕೇಳುತ್ತಿದ್ದರು. ಅಧ್ಯಕ್ಷ, ಉಪಾಧ್ಯಕ್ಷರ 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಕೌನ್ಸಿಲ್‌ನ ಐದು ವರ್ಷ ಮೊದಲ ಸಭೆಯ ದಿನದಿಂದ ಲೆಕ್ಕ, ಅದಕ್ಕೇ 2018ರಲ್ಲಿ ಗೆದ್ದವರ ಅವಧಿ 2025ರವರೆಗೆ ಎಳೆದಿದ್ದು. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ.

ಹೊಳೆಸಾಲು

ಹಳೇ ಮೆಂಬರ್ ಅವರ ಮಾತು ಸರಿ, ಆದರೆ ಪಕ್ಷೇತರ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಪುರಸಭೆಯಲ್ಲಿ ಇದೆ. ವಯಸ್ಸಾದವರು ಚಿಹ್ನೆ ನೋಡಿಯೇ ಒತ್ತುವುದು. ಪಕ್ಷೇತರರಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸ್ ತೆಗೆಯುವ ದಿನ ಮುಗಿದ ಮೇಲೆ, ಆಮೇಲೆ ಮತದಾನಕ್ಕೆ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಹೊಸ ಚಿಹ್ನೆಯನ್ನು ಸಾವಿರ ಜನರ ತಲೆಗೆ ಹೋಗಿಸಬೇಕು.

ಗೆದ್ದ ಮೇಲೂ ಅನುದಾನ ಬೇಕಲ್ವಾ? ನಗರೋತ್ಥಾನದಂಥ ರಾಜ್ಯ ಸರ್ಕಾರದ ದೊಡ್ಡ ಯೋಜನೆಯ ದುಡ್ಡು ಯಾವ ವಾರ್ಡಿಗೆ ಅನ್ನುವಾಗ ಶಾಸಕರ ಮಾತೇ ನಡೆಯುತ್ತೆ. ಅವರ ಕಡೆಯವರಾಗಿದ್ದರೆ ಕೆಲಸ ಬೇಗ ಆಗುತ್ತೆ. ನನ್ನ ಪ್ರಕಾರ ಯಾವ ಪಕ್ಷದ ಜೊತೆ ನಿಮಗೆ ಸರಿ ಹೋಗುತ್ತೋ ಅವರ ಬಿ ಫಾರಂ ತಗೊಳ್ಳಿ, ದುಡ್ಡು ಮಾತ್ರ ತಗೋಬೇಡಿ.

ಹಳೇ ಮೆಂಬರ್

ಚಿಹ್ನೆಯ ಮಾತು ನಿಜ, ಅದು ಪಕ್ಷೇತರರ ದೊಡ್ಡ ಕಷ್ಟ. ಆದರೆ ಬಿ ಫಾರಂ ಜೊತೆ ವಿಪ್ ಬರುತ್ತೆ, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ. ಸ್ಥಳೀಯ ಸಂಸ್ಥೆಗಳಿಗೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತೆ.

ಅನುದಾನದ ಬಗ್ಗೆ ಇನ್ನೊಂದು ಲೆಕ್ಕ ನೋಡಿ. ಅಧ್ಯಕ್ಷರ ಆಯ್ಕೆಯಲ್ಲಿ 23 ಸದಸ್ಯರ ಜೊತೆ ಶಾಸಕರು, ಸಂಸದರಿಗೂ ಮತ ಇದೆ. ಒಟ್ಟು 25, ಬಹುಮತಕ್ಕೆ 13. ಎರಡು ಪಕ್ಷ ಹತ್ತು, ಹನ್ನೊಂದಕ್ಕೆ ನಿಂತರೆ ಪಕ್ಷೇತರರ ಮನೆಗೆ ಎಲ್ಲರೂ ಬರುತ್ತಾರೆ. ನನ್ನ ಮನೆಗೂ ಬಂದರು. ಪ್ರವಾಸಕ್ಕೆ ಕರೆದರು, ಇನ್ನೂ ಏನೇನೋ ಹೇಳಿದರು. ನಾನು ಕೇಳಿದ್ದು ನಮ್ಮ ವಾರ್ಡಿಗೆ ಒಂದು ಕೊಳವೆಬಾವಿ, ಪೈಪ್‌ಲೈನ್ ಮತ್ತು ಸ್ಮಶಾನದ ದಾರಿ. ಅದನ್ನು ಎಲ್ಲರ ಎದುರು ಹೇಳಿದೆ, ಊರಿಗೆ ಗೊತ್ತಾಯಿತು, ಹಾಗಾಗಿ ಆಮೇಲೆ ಯಾರೂ ಮಾತು ತಪ್ಪೋಕೆ ಆಗಲಿಲ್ಲ.

ಒಬ್ಬ ಮೆಂಬರ್ ಕೈಯಲ್ಲಿ ಏನಾಗುತ್ತೆ ಅಂತ ಅಕ್ಕ ಕೇಳಿದ್ದಾರೆ. ಚೆಕ್ಕಿಗೆ ಸಹಿ ಹಾಕೋಕೆ ಆಗುವುದಿಲ್ಲ, ನೌಕರರನ್ನು ವರ್ಗ ಮಾಡೋಕೆ ಆಗುವುದಿಲ್ಲ. ಆದರೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕಿದೆ, ಅದನ್ನು ಬಹಳ ಜನ ಬಳಸುವುದೇ ಇಲ್ಲ. ಅಜೆಂಡಾ ಕೈಗೆ ಬಂದ ದಿನವೇ ಓದಿ. ಖರ್ಚಿನ ಪಟ್ಟಿ ಓದಿ, ಮೋಟಾರ್ ರಿಪೇರಿ, ಬ್ಲೀಚಿಂಗ್ ಪೌಡರ್, ಟ್ಯಾಂಕರ್ ನೀರು ಇವನ್ನು ಒಂದೊಂದಾಗಿ ನೋಡಿ. ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೊಟ್ಟು ನಡಾವಳಿಯಲ್ಲಿ ದಾಖಲು ಮಾಡಿಸಿ. ಬಾಯಲ್ಲಿ ಕೂಗಾಡಿದ್ದು ಕಾಫಿ ಕುಡಿಯುವಷ್ಟರಲ್ಲಿ ಮರೆತುಹೋಗುತ್ತೆ, ನಡಾವಳಿಗೆ ಹತ್ತಿದ್ದಕ್ಕೆ ಮುಖ್ಯಾಧಿಕಾರಿ ಉತ್ತರ ಕೊಡಲೇಬೇಕು.

ಇನ್ನೊಂದು ಮುಖ್ಯ. ಪುರಸಭೆ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಎಷ್ಟೋ ಕಡೆ ಇದು ಖರ್ಚಾಗದೆ ಉಳಿಯುತ್ತೆ, ಕೇಳುವವರೇ ಇರುವುದಿಲ್ಲ. ನಾನು ವಾರ್ಡಿನಲ್ಲಿ ಅರ್ಹರ ಪಟ್ಟಿ ಮಾಡಿ, ಅರ್ಜಿ ತುಂಬಿಸಿ, ಗಂಟು ಕಟ್ಟಿ ಕೊಟ್ಟೆ. ತ್ರಿಚಕ್ರ ವಾಹನ, ಮಕ್ಕಳ ಓದಿಗೆ ಸಹಾಯಧನ, ಮನೆ ರಿಪೇರಿ ದುಡ್ಡು ಬಂತು. ಇದಕ್ಕೆ ಯಾವ ಶಾಸಕರ ಶಿಫಾರಸೂ ಬೇಕಾಗಲಿಲ್ಲ.

ನಿವೃತ್ತ ಎಫ್‌ಡಿಎ

ಚುನಾವಣಾ ಶಾಖೆಯಲ್ಲಿ ಕೆಲಸ ಮಾಡಿದ್ದೇನೆ, ಕಾಗದದ ವಿಷಯ ನನಗೆ ಬಿಡಿ.

ವಯಸ್ಸು 21 ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕು. ನಿಮ್ಮದೇ ವಾರ್ಡಿಂದ ನಿಲ್ಲಬೇಕು ಅಂತೇನಿಲ್ಲ, ಅದೇ ಪುರಸಭೆಯ ಯಾವ ವಾರ್ಡಿಂದಾದರೂ ನಿಲ್ಲಬಹುದು. ಆದರೆ ಸೂಚಕರು, ಅಂದರೆ ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವವರು, ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು. ಇದು ಯಾಕೆ ಮುಖ್ಯ ಅಂದರೆ ವಾರ್ಡ್ ಮೀಸಲಾತಿ ಕರಡಲ್ಲಿ ಒಂದು ಇರುತ್ತೆ, ಅಂತಿಮ ಪಟ್ಟಿಯಲ್ಲಿ ಇನ್ನೊಂದು ಆಗಿಬಿಡುತ್ತೆ. ಪಕ್ಕದ ವಾರ್ಡಲ್ಲೂ ನಾಲ್ಕು ಜನ ಗೊತ್ತಿರಲಿ. ಸಾಮಾನ್ಯ ವಾರ್ಡಿಂದಲೂ ಹೆಂಗಸರು ನಿಲ್ಲಬಹುದು, ಎಷ್ಟೋ ಜನರಿಗೆ ಇದೇ ಗೊತ್ತಿಲ್ಲ.

ಮನೆ ಕಂದಾಯ, ನೀರಿನ ಬಾಕಿ ಈಗಲೇ ಕಟ್ಟಿ ರಸೀದಿ ಜೋಪಾನ ಮಾಡಿ. ಅಂಗಡಿಯ ಟ್ರೇಡ್ ಲೈಸೆನ್ಸ್ ಬಾಕಿಯೂ ನೋಡಿ, ಮಳಿಗೆ ಪುರಸಭೆಯದ್ದಾದರೆ ಬಾಡಿಗೆ ಬಾಕಿಯೂ. ಪರಿಶೀಲನೆ ದಿನ ಎದುರಾಳಿಯ ವಕೀಲರು ಮೊದಲು ಹುಡುಕುವುದೇ ಬಾಕಿ. ಪುರಸಭೆ ಜೊತೆ ನಿಮ್ಮದು ಯಾವುದಾದರೂ ಗುತ್ತಿಗೆ ಇದ್ದರೆ ಅದೂ ಅಡ್ಡ ಬರುತ್ತೆ. ಮೀಸಲು ವಾರ್ಡಾದರೆ ತಹಶೀಲ್ದಾರರ ಜಾತಿ ಪ್ರಮಾಣಪತ್ರ ಬೇಕು, ಅದನ್ನು ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಆಸ್ತಿ, ಸಾಲ, ಕೇಸು, ಓದು ಇವುಗಳ ಅಫಿಡವಿಟ್‌ನಲ್ಲಿ ಯಾವ ಕಾಲಂ ಕೂಡ ಖಾಲಿ ಬಿಡಬೇಡಿ, ಇಲ್ಲದಿದ್ದರೆ "ಇಲ್ಲ" ಅಂತ ಬರೆಯಿರಿ. ನಾಮಪತ್ರವನ್ನು ಕೊನೆಯ ದಿನಕ್ಕೆ ಬಿಡದೆ ಮೊದಲೇ ಕೊಡಿ, ತಪ್ಪಿದ್ದರೆ ಇನ್ನೊಂದು ಕೊಡೋಕೆ ಸಮಯ ಸಿಗುತ್ತೆ. ಮತ್ತೆ ಗೆಲ್ಲಲಿ, ಸೋಲಲಿ, ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಲೇಬೇಕು. ಸೋತವರು ಬೇಜಾರಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ಅದು ಅನರ್ಹತೆಗೆ ದಾರಿ ಮಾಡುತ್ತೆ.

ಹಾಸನದವಳು

ಅಕ್ಕ, ನಿಮ್ಮ ಮೈದುನನ ವಿಷಯಕ್ಕೇ ಬರೆಯುತ್ತಿದ್ದೇನೆ. ನಾನೂ ಒಂದು ಅವಧಿ ಸದಸ್ಯೆ ಆಗಿದ್ದೆ. ನಮ್ಮ ರಾಜ್ಯದಲ್ಲಿ ಅರ್ಧ ಸೀಟು ಹೆಂಗಸರಿಗೆ. ಆದರೆ ಮೊದಲ ಮೀಟಿಂಗ್ ದಿನ ಸಭಾಂಗಣದ ಬಾಗಿಲಲ್ಲಿ ನಿಂತಿದ್ದವರೆಲ್ಲ ಗಂಡಂದಿರು, ಅಣ್ಣಂದಿರು, ಮಾವಂದಿರು. ಎಂಜಿನಿಯರ್ ಫೋನ್ ಮಾಡುತ್ತಿದ್ದುದೂ ಅವರಿಗೇ. ನನ್ನ ಮನೆಯವರಿಗೆ ಎಂಜಿನಿಯರ್ ಫೋನ್ ಮಾಡಿದಾಗ ಅವರು "ಮೇಡಂ ನಂಬರ್ ಕೊಡುತ್ತೇನೆ, ಅವರ ಹತ್ತಿರವೇ ಮಾತಾಡಿ" ಅಂತ ಇಟ್ಟುಬಿಟ್ಟರು. ಎರಡು ತಿಂಗಳಲ್ಲಿ ಎಲ್ಲ ಫೋನೂ ನನಗೇ ಬರೋಕೆ ಶುರುವಾಯಿತು.

ನೀವು ಈಗಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ, ಗೆದ್ದ ಮೇಲೆ ಹೇಳಿದರೆ ಜಗಳ ಆಗುತ್ತೆ. ಪ್ರಚಾರದಲ್ಲಿ ಮೈದುನ ಓಡಾಡಲಿ, ಬೂತಿನಲ್ಲಿ ಕೂರಲಿ, ಅದು ಬೇಕೇ ಬೇಕು. ಕರಪತ್ರದಲ್ಲಿ ಮಾತ್ರ ನಿಮ್ಮ ಫೋನ್ ನಂಬರ್ ಹಾಕಿಸಿ. ಸಹಿ ನಿಮ್ಮದು, ಸೀಲ್ ನಿಮ್ಮ ಬ್ಯಾಗಿನಲ್ಲಿ. ಖಾಲಿ ಹಾಳೆಗೆ ಯಾರು ಕೇಳಿದರೂ ಸಹಿ ಹಾಕಬೇಡಿ, ಮೈದುನನೇ ಕೇಳಿದರೂ. ಕೇಸಾದರೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ನೀರಿನ ವಿಷಯಕ್ಕೆ ಒಂದು ಮಾತು. ಗೆಲ್ಲುವವರೆಗೆ ಕಾಯಬೇಡಿ. ಯಾವ ಬೀದಿಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟರು ಅಂತ ಸಂಘದ ಹೆಂಗಸರಿಂದ ಒಂದು ಪುಸ್ತಕದಲ್ಲಿ ಬರೆಸಿ. ವಾಲ್ವ್‌ಮನ್ ಹತ್ತಿರ ಜಗಳ ಬೇಡ, ಅವರನ್ನೇ ಕೇಳಿ, ಎಲ್ಲಿ ಲೈನ್ ಸೋರುತ್ತೆ, ಯಾವ ವಾಲ್ವ್ ಕೆಟ್ಟಿದೆ ಅಂತ ಆಫೀಸಿನ ಯಾರಿಗಿಂತಲೂ ಅವರಿಗೆ ಜಾಸ್ತಿ ಗೊತ್ತು. ನಮ್ಮಲ್ಲಿ ಬೀದಿಯ ಅರ್ಧ ಸಮಸ್ಯೆ ಬಗೆಹರಿದಿದ್ದು ಎರಡು ವಾಲ್ವ್ ಬದಲಾಯಿಸಿದ್ದರಿಂದ.

ಬೆಂಗಳೂರು ಪಶ್ಚಿಮ

ನಿಮ್ಮ ಊರಲ್ಲಿ ಆಡಳಿತಾಧಿಕಾರಿ ಬಂದು ಸ್ವಲ್ಪ ದಿನ ಆಗಿರಬಹುದು. ಇಲ್ಲಿ ಬಿಬಿಎಂಪಿ ಚುನಾವಣೆ ಕೊನೆಗೆ ನಡೆದಿದ್ದು 2015ರಲ್ಲಿ, ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಐದು ವರ್ಷ ಕಾರ್ಪೊರೇಟರ್ ಇಲ್ಲದೆ ಕಳೆದ ಮೇಲೆ 2025ರಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆ ಮಾಡಿದರು. ರಸ್ತೆ ಗುಂಡಿಗೆ ಆ್ಯಪ್‌ನಲ್ಲಿ ದೂರು ಹಾಕುತ್ತೇವೆ, ಸಮಸ್ಯೆ ಬಗೆಹರಿಯಿತು ಅಂತ ಮೆಸೇಜ್ ಬರುತ್ತೆ, ಗುಂಡಿ ಹಾಗೇ ಇರುತ್ತೆ. ಮನೆ ಬಾಗಿಲಿಗೆ ಹೋಗಿ ಕೇಳೋಕೆ ಒಬ್ಬರು ಬೇಕು ಅನ್ನಿಸಿಬಿಟ್ಟಿದೆ. ಅಕ್ಕ, ನಿಮ್ಮಂಥವರು ನಿಲ್ಲಬೇಕು.

ಕೆರೆಬೀದಿ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ. ಮನೆಯವರಿಗೂ ಮೈದುನನಿಗೂ ಇದನ್ನು ಓದಿಸಿದೆ. ಮೈದುನ ಮೊದಲು ಮುಖ ಊದಿಸಿಕೊಂಡ, ಆಮೇಲೆ ಮತದಾರರ ಪಟ್ಟಿಯ ಕೆಲಸ ನನಗೆ ಕೊಡಿ ಅತ್ತಿಗೆ ಅಂದ. ಕೊಟ್ಟಿದ್ದೇನೆ. ಪಕ್ಷದವರಿಗೆ ಬಿ ಫಾರಂ ಬೇಡ ಅಂತ ಹೇಳಿ ಕಳಿಸಿದೆ. ಹೊಳೆಸಾಲು ಅವರೇ, ನಿಮ್ಮ ಮಾತಲ್ಲಿ ಅರ್ಥ ಇದೆ, ಆದರೆ ನೀರಿಗೆ ಅಂತ ನನ್ನ ಜೊತೆ ಬಂದ ಹೆಂಗಸರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಅವರನ್ನು ಒಡೆಯೋಕೆ ನನಗೆ ಇಷ್ಟವಿಲ್ಲ.

ಎಫ್‌ಡಿಎ ಸಾರ್, ಒಂದು ಸಂದೇಹ. ಮನೆ ಖಾತೆ ಇನ್ನೂ ಮಾವನವರ ಹೆಸರಲ್ಲಿದೆ, ಅವರು ತೀರಿಹೋಗಿದ್ದಾರೆ. ಕಂದಾಯದ ರಸೀದಿ ಅವರ ಹೆಸರಿಗೇ ಬರುತ್ತೆ. ಇದಕ್ಕೆ ತೊಂದರೆ ಆಗುತ್ತಾ?

ನಿವೃತ್ತ ಎಫ್‌ಡಿಎ

ಬಾಕಿ ಇಲ್ಲ ಅಂದರೆ ಅದೊಂದರಿಂದ ನಾಮಪತ್ರ ಬೀಳುವುದಿಲ್ಲಮ್ಮ. ಆದರೂ ಈ ವಾರವೇ ಪುರಸಭೆಗೆ ಹೋಗಿ ಆ ಮನೆಯ ಮೇಲೆ ಬೇಬಾಕಿ ಪತ್ರ ಬರೆಸಿಕೊಳ್ಳಿ. ಖಾತೆ ಬದಲಾವಣೆಗೆ ವಂಶವೃಕ್ಷ, ಮರಣ ಪ್ರಮಾಣಪತ್ರ ಹಾಕಿ ಅರ್ಜಿಯನ್ನೂ ಅದರ ಜೊತೆಗೇ ಕೊಡಿ, ಸ್ವೀಕೃತಿ ಮರೆಯಬೇಡಿ.