ಕಾಫಿ ಕೊಯ್ಲಿನಲ್ಲಿ ರೈಟರ್ ಕೆಲಸ ಒಬ್ಬರಿಂದ ಆಗುತ್ತಿಲ್ಲ: ಇನ್ನೊಬ್ಬರನ್ನು ಇಡುವುದಾ, ಕೆಲಸ ಹಂಚುವುದಾ?

ಮಾದಾಪುರ_ತೋಟ:
60 ಎಕರೆ, ಹೆಚ್ಚಿನದು ಅರೇಬಿಕಾ, ತಗ್ಗಿನಲ್ಲಿ ಸ್ವಲ್ಪ ರೋಬಸ್ಟಾ. ಲೆಕ್ಕಪತ್ರ ನೋಡುವ ಒಬ್ಬ ರೈಟರ್, ಇಬ್ಬರು ಮೇಸ್ತ್ರಿ. ಕೊಯ್ಲಿಗೆ 40 ಆಳು, ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ 60 ಕಿಲೋ ಹಣ್ಣು, ಕೂಲಿ ಕಿಲೋ ಲೆಕ್ಕ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಗಂಟೆಗೆ 800 ಕಿಲೋ ಬಿಡುತ್ತದೆ. ಬೆಳಗ್ಗೆ ಹಾಜರಿ, ಸಂಜೆ ತೂಕ, ಆಮೇಲೆ ಪಲ್ಪರ್, ಕಣದ ಲೆಕ್ಕ, ಡೀಸೆಲ್, ಗೊಬ್ಬರದ ಸ್ಟಾಕು, ಶನಿವಾರದ ಬಟವಾಡೆ, ಎಲ್ಲವೂ ರೈಟರ್ ತಲೆ ಮೇಲೆ. ತೂಕ ಮುಗಿಯುವಾಗ ಕತ್ತಲು, ಪಲ್ಪಿಂಗ್ ಮುಗಿಯುವಾಗ ರಾತ್ರಿ ಹತ್ತು, ಬಟವಾಡೆಯಲ್ಲಿ ವಾರವಾರವೂ ತಕರಾರು. ಎರಡನೇ ರೈಟರ್ ಇಡಬೇಕಾ? ಯಾವುದನ್ನು ನೋಡಿ ತೀರ್ಮಾನ ಮಾಡಬೇಕು?

ಕೆಲಸದ_ಲೆಕ್ಕ:
ಜನ ಇಡುವ ಮೊದಲು ಕೆಲಸವನ್ನು ಅಳೆಯಿರಿ, ಅದೂ ಕೊಯ್ಲು ಜೋರಾಗಿರುವಾಗಲೇ. ಮಳೆಗಾಲದಲ್ಲಿ ರೈಟರನ್ನು ಕೂರಿಸಿ ಕೇಳಿದರೆ ಬರುವುದು ಮಳೆಗಾಲದ ಉತ್ತರ.

ಮೊದಲು ರೈಟರ್ ಮಾಡುವ ಪ್ರತಿ ಕೆಲಸವನ್ನೂ ಒಂದೊಂದು ಸಾಲಾಗಿ ಬರೆಯಿರಿ. ಎದುರಿಗೆ ಎಷ್ಟು ಸಲ, ಎಷ್ಟು ಹೊತ್ತು, ತಪ್ಪಾದರೆ ಏನು ನಷ್ಟ, ಬೇರೆಯವರು ಕಲಿಯಲು ಎಷ್ಟು ದಿನ ಬೇಕು ಎಂದು ತುಂಬಿಸಿ. ರೈಟರೊಬ್ಬರನ್ನೇ ಕೇಳಬೇಡಿ. ಇಬ್ಬರು ಮೇಸ್ತ್ರಿ, ಪಲ್ಪರ್ ನಡೆಸುವವರು, ನಾಲ್ಕಾರು ಕೊಯ್ಯುವವರನ್ನೂ ಕೇಳಿ. ಕಾಯುವವರಿಗೆ ಗೊತ್ತಿರುವ ತೊಂದರೆ ಕಾಯಿಸುವವರಿಗೆ ಗೊತ್ತಿರುವುದಿಲ್ಲ.

ಆಮೇಲೆ ಸಮಯ ಬರೆದ ಚೀಟಿ ಎತ್ತಿ, ಬಂದ ಸಮಯಕ್ಕೆ ಹೋಗಿ ನೋಡಿ, ಆ ಗಳಿಗೆಯಲ್ಲಿ ರೈಟರ್ ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕಿ. ತೂಕಕ್ಕೆ ಶೇ. 30 ಹೊತ್ತು ಹೋಗುತ್ತಿದೆ ಎಂದುಕೊಂಡರೆ, ಆ ಲೆಕ್ಕ ಶೇ. 5 ಹೆಚ್ಚುಕಡಿಮೆಯೊಳಗೆ, ಅಂದರೆ 25ರಿಂದ 35ರೊಳಗೆ, ನೂರಕ್ಕೆ 95 ಸಲ ಸಿಗಲು ಸುಮಾರು 323 ಗುರುತು ಬೇಕು, ಶೇ. 10 ಸಾಕೆಂದರೆ 81. ನಿಮ್ಮ ತೀರ್ಮಾನಕ್ಕೆ 81 ಧಾರಾಳ. ಸರಾಸರಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಗುರುತುಗಳನ್ನು ಗಂಟೆವಾರು ಹಾಕಿ ನೋಡಿ. ದಿನವಿಡೀ ಹೊರೆಯಿದ್ದರೆ ಜನ ಬೇಕು. ಐದರಿಂದ ಹತ್ತರವರೆಗೆ ಮಾತ್ರ ಗಂಟು ಬಿದ್ದಿದ್ದರೆ ಬೇಕಿರುವುದು ಬೇರೆ ಏರ್ಪಾಡು.

ಪಲ್ಪ್‌ಹೌಸ್_ಕಡೆಯಿಂದ:
ನೀವು ಕೊಟ್ಟ ಅಂಕಿಯಲ್ಲೇ ಗಂಟು ಕಾಣುತ್ತಿದೆ. ಒಬ್ಬರ ತೂಕಕ್ಕೆ ಎರಡು ನಿಮಿಷ ಹಿಡಿದರೆ 40 ಜನಕ್ಕೆ 80 ನಿಮಿಷ. 2,400 ಕಿಲೋ ಪಲ್ಪ್ ಆಗಲು ಮೂರು ಗಂಟೆ, ಯಂತ್ರ ಮತ್ತು ಕಾಲುವೆ ತೊಳೆಯಲು ಅರ್ಧ ಗಂಟೆ. ಐದಕ್ಕೆ ಶುರುವಾದರೆ ಹತ್ತಾಗಲೇಬೇಕು. ಎರಡನೇ ರೈಟರ್ ಬಂದರೂ ಪಲ್ಪರ್ ಮೂರು ಗಂಟೆ ತಗೊಂಡೇ ತಗೊಳ್ಳುತ್ತದೆ. ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪರಿಗೆ ಬಿಡಬೇಕು, ಚೀಲದಲ್ಲೇ ರಾತ್ರಿ ಕಳೆದರೆ ಬಿಸಿಯೇರಿ ಹುಳಿವಾಸನೆ ಹಿಡಿಯುತ್ತದೆ.

ಹಾಗಾಗಿ ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ತೂಕ, ಸಂಜೆ ಒಂದು. ಎರಡು ನೇತಾಡುವ ತಕ್ಕಡಿ, ಇಬ್ಬರು ಮೇಸ್ತ್ರಿ, ತಲಾ 20 ಆಳು: ಒಂದು ಸರದಿಗೆ 40 ನಿಮಿಷ. ಎರಡು ಗಂಟೆಗೆ 1,200 ಕಿಲೋ ಪಲ್ಪರಿಗೆ ಹಾಕಿದರೆ ಮೂರೂವರೆಗೆ ಮುಗಿಯುತ್ತದೆ, ಸಂಜೆಗೆ ಉಳಿಯುವುದು ಅಷ್ಟೇ ಇನ್ನೊಂದು ಪಾಲು. ಜೀಪು ದಿನಕ್ಕೆ ಎರಡು ಸಲ ಹೊಡೆಯಬೇಕು, ಅದು ಖರ್ಚೇ.

ಇಲ್ಲಿ ಎಡವುವುದು ಮೂರು ಕಡೆ. ಮಧ್ಯಾಹ್ನದ ಮತ್ತು ರಾತ್ರಿಯ ಬೀಜವನ್ನು, ಮೇಲಿನ ಲೋಳೆ ಬಿಡಲು ಇಡುವಾಗ, ಒಂದೇ ತೊಟ್ಟಿಗೆ ಬಿಡಬೇಡಿ. ಒಂದರ ಲೋಳೆ ಬಿಟ್ಟಿರುತ್ತದೆ, ಇನ್ನೊಂದರದ್ದು ಬಿಟ್ಟಿರುವುದಿಲ್ಲ, ಯಾವಾಗ ತೊಳೆದರೂ ಅರ್ಧ ಹಾಳು. ತೂಕಕ್ಕೆ ಮೊದಲು ಹಸಿರುಕಾಯಿ ಆರಿಸುವುದನ್ನು ಮಧ್ಯಾಹ್ನವೂ ಬಿಡುವಂತಿಲ್ಲ, ಅವಸರದಲ್ಲಿ ಅದೇ ಮೊದಲು ತಪ್ಪುತ್ತದೆ. ಮತ್ತೆ, ಇಬ್ಬನಿಯಲ್ಲಿ ನೆನೆದ ಗೋಣಿ ಒಣ ಗೋಣಿಗಿಂತ ಭಾರ. ಗೋಣಿ ತೂಕ ಕಳೆಯುವುದು ಅಂದಾಜಿನಲ್ಲಿ ನಡೆದರೆ ತಕರಾರು ಹುಟ್ಟುವುದು ಅಲ್ಲಿಯೇ. ಎಲ್ಲರಿಗೂ ಒಂದೇ ಅಳತೆಯ ಪ್ಲಾಸ್ಟಿಕ್ ಚೀಲ ಕೊಡಿ, ಬೆಳಗ್ಗೆ 20 ಕಿಲೋ ಬಟ್ಟು ತೂಗಿಸಿ ತಕ್ಕಡಿ ಸರಿಯಿದೆಯಾ ನೋಡಿ.

ಹೊಣೆ_ಮತ್ತು_ಕೆಲಸ:
ಮೇಲಿನವರ ಮಾತು ಒಪ್ಪುತ್ತೇನೆ, ಒಂದು ಎಚ್ಚರಿಕೆ ಬಿಟ್ಟು. ಮೇಸ್ತ್ರಿಗೆ ತಂಡದ ಕಿಲೋ ಮೇಲೆ ಕಮಿಷನ್ ಇದ್ದರೆ ಅವರದೇ ತಂಡದ ತೂಕ ಅವರ ಕೈಗೆ ಕೊಡಬೇಡಿ. ಒಬ್ಬರ ತಂಡವನ್ನು ಇನ್ನೊಬ್ಬರು ತೂಗಲಿ, ಇಲ್ಲವೇ ಕಮಿಷನ್ ತೆಗೆದು ದಿನಗೂಲಿ ಏರಿಸಿ. ತೂಗುವವರು ಬೇರೆ, ಕೂಲಿ ಲೆಕ್ಕ ಹಾಕುವವರು ಬೇರೆ ಇರಲೇಬೇಕು. ಕಾರ್ಬನ್ ಇಟ್ಟು ಎರಡು ಚೀಟಿ: ಒಂದು ಕೊಯ್ದವರ ಕೈಗೆ ಆಗಲೇ, ಇನ್ನೊಂದು ಆಫೀಸಿಗೆ. ಚೀಟಿಗಳ ಮೊತ್ತವನ್ನು ಪಲ್ಪ್‌ಹೌಸ್‌ನಲ್ಲಿ ಇಳಿದ ಒಟ್ಟು ತೂಕಕ್ಕೆ ಅಂದೇ ತಾಳೆ ನೋಡಬೇಕು. ಶನಿವಾರ ಹುಡುಕಿದರೆ ಸೋಮವಾರದ ತಪ್ಪು ಸಿಗುವುದಿಲ್ಲ.

ಇನ್ನೊಂದು ವಿಷಯ. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1970ರ ದಶಕದಲ್ಲಿ ಕೆಲಸದ ಐದು ಗುಣ ಹೇಳಿದರು: ಬಗೆಬಗೆಯ ಕೌಶಲ, ಶುರುವಿನಿಂದ ಕೊನೆವರೆಗೆ ತನ್ನದೆನ್ನುವ ಕೆಲಸ, ಅದರ ಮಹತ್ವ, ಸ್ವಂತ ತೀರ್ಮಾನ, ಫಲಿತಾಂಶ ತಿಳಿಯುವುದು. ಅವರ ಸೂತ್ರದಲ್ಲಿ ಮೊದಲ ಮೂರರ ಸರಾಸರಿಯನ್ನು ಕೊನೆಯ ಎರಡರಿಂದ ಗುಣಿಸುತ್ತಾರೆ. ಅಂದರೆ ಸ್ವಂತ ತೀರ್ಮಾನಕ್ಕೆ ಜಾಗವೇ ಇಲ್ಲದ ಕಡೆ ಉಳಿದದ್ದು ಎಷ್ಟಿದ್ದರೂ ಕೆಲಸ ಮಾಡುವವರಿಗೆ ಉಮೇದು ಬರುವುದಿಲ್ಲ. ಈಗ ನಿಮ್ಮ ಮೇಸ್ತ್ರಿಗಳು "ಬೇಗ ಕುಯ್ಯಿ" ಅನ್ನುವುದಕ್ಕಷ್ಟೇ ಇದ್ದಾರೆ ಎಂದು ಕಾಣುತ್ತದೆ. ತೋಟದ ಒಂದು ಭಾಗ, ಅಂದರೆ ಒಂದು ಬ್ಲಾಕ್, ಪೂರ್ತಿ ಅವರಿಗೆ ಬಿಡಿ: ಯಾವ ಸಾಲು ಇವತ್ತು, ಎರಡನೇ ಸುತ್ತು ಯಾವಾಗ, ಹಸಿರುಕಾಯಿ ಎಷ್ಟು ಬಂತು, ಎಲ್ಲಕ್ಕೂ ಅವರೇ ಹೊಣೆ. ಅದಕ್ಕೆ ತಕ್ಕ ಸಂಬಳವನ್ನೂ ಏರಿಸಬೇಕು. ಸಂಬಳ ಹಾಗೇ ಬಿಟ್ಟು ಹೊಣೆ ಹೇರಿದರೆ ಅದು ಬರೀ ಹೊರೆ. ರೈಟರಿಗೆ ಬಿಡುವಾಯಿತೆಂದು ಮೆಣಸಿನ ಲೆಕ್ಕ ಅಂಟಿಸುವುದೂ ಹಾಗೆಯೇ.

ಮಾದಾಪುರ_ತೋಟ:
ಒಬ್ಬ ಮೇಸ್ತ್ರಿಗೆ ಓದಲು ಬರೆಯಲು ಕಷ್ಟ. ಚೀಟಿ ಹೇಗೆ? ಕೆಲಸದ ವಿವರ ಬರೆದುಕೊಟ್ಟು ಏನು ಪ್ರಯೋಜನ?

ಕೆಲಸದ_ಲೆಕ್ಕ:
ಅಂಕಿ ತೋರಿಸುವ ಡಿಜಿಟಲ್ ತಕ್ಕಡಿ ಅವರ ಕಡೆಗಿರಲಿ. ಅವರು ಕೂಗಿ ಹೇಳಲಿ, ಆ ತಂಡದಲ್ಲಿ ಓದಿದ ಒಬ್ಬರು ಬರೆಯಲಿ, ಬರೆಯುವ ಹೊತ್ತಿಗೆ ಅವರಿಗೆ ಕೂಲಿ ಸೇರಿಸಿ. ಕೆಲಸದ ವಿವರ ಒಂದು ಪುಟ ಮೀರಬಾರದು: ಏನು ಮಾಡಬೇಕು, ಕೇಳದೆ ಏನು ತೀರ್ಮಾನಿಸಬಹುದು, ಯಾವುದಕ್ಕೆ ನಿಮ್ಮನ್ನು ಕೇಳಲೇಬೇಕು. ಅದನ್ನು ಬ್ಲಾಕಿನಲ್ಲಿ ನಿಂತು ಓದಿ ಹೇಳಿ, ಅವರಿಂದಲೇ ತಿರುಗಿ ಹೇಳಿಸಿ. ಹಣ್ಣು ಅಲ್ಲೊಂದು ಇಲ್ಲೊಂದು ಇರುವ ಫ್ಲೈ ಪಿಕಿಂಗ್ ಸಮಯದಲ್ಲೇ ಶುರುಮಾಡಿ. ಆಗ ಆಳೂ ಕಡಿಮೆ, ಚೀಟಿಯಲ್ಲಿ ತಪ್ಪಾದರೆ ತಿದ್ದಲು ಸಂಜೆ ಹೊತ್ತೂ ಇರುತ್ತದೆ.